ಹಸಿವಿನ ಚಿತ್ರ ತೋರಿಸಿ ಗದ್ದುಗೆ ಹತ್ತಿದವರು: ಇಥಿಯೋಪಿಯಾದ ಹತ್ತು ವರ್ಷ

1974ರ ಸೆಪ್ಟೆಂಬರ್ 11. ಇಥಿಯೋಪಿಯಾದಲ್ಲಿ ಅವತ್ತು ಹೊಸ ವರ್ಷದ ಹಬ್ಬ. ಮಳೆಗಾಲ ಮುಗಿದು ಗುಡ್ಡಗಳ ಮೇಲೆಲ್ಲ ಹಳದಿ ಹೂ ಬಿಡುವ ಕಾಲ. ರಾಜಧಾನಿ ಆಡಿಸ್ ಅಬಾಬಾದಲ್ಲಿ ಟಿವಿ ಇದ್ದವರು ಆ ರಾತ್ರಿ ಒಂದು ಸಾಕ್ಷ್ಯಚಿತ್ರ ನೋಡಿದರು.

ಬ್ರಿಟನ್ನಿನ ಪತ್ರಕರ್ತ ಜೋನಾಥನ್ ಡಿಂಬಲ್ಬಿ ಹಿಂದಿನ ವರ್ಷ ವೊಲ್ಲೊ ಪ್ರಾಂತ್ಯದಲ್ಲಿ ತೆಗೆದ ಚಿತ್ರ ಅದು. ಬರಗಾಲದ ಚಿತ್ರ. ಎಲುಬು ಎಣಿಸುವಂತಾದ ಮಕ್ಕಳು, ಕೈಲಾಗದೆ ನೆಲಕ್ಕೆ ಒರಗಿದ ಹಿರಿಯರು, ಬಟ್ಟೆ ಸುತ್ತಿಟ್ಟ ಹೆಣಗಳು. ಆದರೆ ಅವನು ಮಾಡಿದ ಹಾಗೇ ಅವರು ಅದನ್ನು ತೋರಿಸಲಿಲ್ಲ. ಸೇನೆಯ ಅಧಿಕಾರಿಗಳು ಅದನ್ನು ಕತ್ತರಿಸಿ, ನಡುನಡುವೆ ಅರಮನೆಯ ದೃಶ್ಯಗಳನ್ನು ಸೇರಿಸಿದ್ದರು. ಹಸಿದ ಮಗುವಿನ ಮುಖ ಕಾಣುತ್ತದೆ, ಮರುಕ್ಷಣ ಅರಮನೆಯ ಔತಣ. ಸಾಯುತ್ತಿರುವ ತಾಯಿ ಕಾಣುತ್ತಾಳೆ, ಮರುಕ್ಷಣ ಚಕ್ರವರ್ತಿ ತನ್ನ ನಾಯಿಗಳಿಗೆ ಮಾಂಸ ಹಾಕುತ್ತಿರುವುದು. ಚಕ್ರವರ್ತಿ ಹೈಲೆ ಸೆಲಾಸಿ ಅವರೂ ಇದನ್ನು ನೋಡಬೇಕು ಅಂತ ಅಧಿಕಾರಿಗಳು ಹೇಳಿ ಕಳಿಸಿದ್ದರು. ಅವರಿಗೆ ಆಗ 82 ವರ್ಷ.

ಮರುದಿನ ಬೆಳಿಗ್ಗೆ ಅಧಿಕಾರಿಗಳು ಅರಮನೆಗೆ ಬಂದು ಪದಚ್ಯುತಿಯ ಆದೇಶ ಓದಿದರು. ಚಕ್ರವರ್ತಿಯನ್ನು ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. ಬೀದಿಯಲ್ಲಿ ಜನ "ಕಳ್ಳ, ಕಳ್ಳ" ಅಂತ ಕೂಗಿದರು.

ಆ ರಾತ್ರಿಯ ಚಿತ್ರದಲ್ಲಿ ಸುಳ್ಳು ಏನಿತ್ತು? ಹಸಿವೂ ನಿಜ, ಔತಣವೂ ನಿಜ. ಸುಳ್ಳಿದ್ದದ್ದು ಎರಡನ್ನೂ ಹೊಲಿದ ದಾರದಲ್ಲಿ. ಬೇರೆ ಬೇರೆ ದಿನ, ಬೇರೆ ಬೇರೆ ಕಡೆ ನಡೆದದ್ದನ್ನು ಒಂದಕ್ಕೊಂದು ಅಂಟಿಸಿ, ನೋಡುವವನು ಯೋಚಿಸುವ ಮೊದಲೇ ಅವನ ರಕ್ತ ಕುದಿಯುವಂತೆ ಮಾಡಿದ್ದರು. ನ್ಯಾಯದ ಪಕ್ಷದಲ್ಲಿದ್ದವರಿಗೆ ಇದು ತಪ್ಪು ಅನ್ನಿಸಲೇ ಇಲ್ಲ. ಅನ್ನಿಸುವುದಾದರೂ ಹೇಗೆ? ವಿಷಯ ಸತ್ಯವೇ ಆಗಿತ್ತು ಅಲ್ವಾ?

ಸರಿಯಾಗಿ ಹತ್ತು ವರ್ಷಗಳ ನಂತರ, 1984ರ ಸೆಪ್ಟೆಂಬರ್‌ನಲ್ಲಿ, ಅದೇ ವೊಲ್ಲೊದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಬರಗಾಲ ಕಾಡುತ್ತಿತ್ತು. ಅಂದು ಹಸಿವಿನ ಚಿತ್ರ ತೋರಿಸಿದ ಸರ್ಕಾರ ಈ ಸಲ ಆ ಹಸಿವನ್ನು ಮುಚ್ಚಿಟ್ಟಿತು. ಈ ಎರಡು ಸೆಪ್ಟೆಂಬರ್‌ಗಳ ನಡುವೆ ಏನಾಯಿತು ಅನ್ನುವುದೇ ಈ ಪ್ರಕರಣ.

ಸಿಟ್ಟಿಗೆ ಕಾರಣ ಇತ್ತು

ಮೊದಲು ಒಂದು ಮಾತು ಸ್ಪಷ್ಟ ಮಾಡಬೇಕು. ಹಳೆಯ ವ್ಯವಸ್ಥೆ ಬೀಳಲೇಬೇಕಿತ್ತು. ನಂತರ ನಡೆದ ಕ್ರೌರ್ಯ ನೋಡಿ "ರಾಜನ ಕಾಲವೇ ಚೆನ್ನಾಗಿತ್ತು" ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

ದಕ್ಷಿಣ ಇಥಿಯೋಪಿಯಾದಲ್ಲಿ ಗೇಣಿದಾರ ಬೆಳೆದದ್ದರಲ್ಲಿ ಅರ್ಧದವರೆಗೂ ಜಮೀನ್ದಾರನಿಗೆ ಕೊಡಬೇಕಿತ್ತು. ಕೆಲವೆಡೆ ಅದಕ್ಕೂ ಜಾಸ್ತಿ. ಅದರ ಮೇಲೆ ಬಿಟ್ಟಿ ಚಾಕರಿ. ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತರ ಆಸುಪಾಸು. 1965ರಲ್ಲೇ ಆಡಿಸ್ ಅಬಾಬಾದ ವಿದ್ಯಾರ್ಥಿಗಳು "ಮೆರೆತ್ ಲೆ ಅರಾಶು" ಅಂತ ಕೂಗುತ್ತ ಬೀದಿಗೆ ಇಳಿದಿದ್ದರು. ಉಳುವವನಿಗೇ ಭೂಮಿ ಅಂತ ಅರ್ಥ. "ಉಳುವವನೇ ಹೊಲದೊಡೆಯ" ಕೇಳಿ ಬೆಳೆದ ನಮ್ಮ ಕಿವಿಗೆ ಈ ಘೋಷಣೆಯನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಭೂ ಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ 1974ರಲ್ಲಿ.

1972-73ರಲ್ಲಿ ವೊಲ್ಲೊದಲ್ಲಿ ಮಳೆ ಕೈಕೊಟ್ಟಿತು. ಅಲ್ಲಿಂದ ರೈತರು ಗುಂಪಾಗಿ ರಾಜಧಾನಿ ಕಡೆ ನಡೆದು ಬಂದರೆ ಪೊಲೀಸರು ಅವರನ್ನು ಅರ್ಧದಾರಿಯಲ್ಲೇ ವಾಪಸ್ ಕಳಿಸಿದರು. ವಿಶ್ವವಿದ್ಯಾಲಯದ ಕೆಲವು ಅಧ್ಯಾಪಕರು ವೊಲ್ಲೊಗೆ ಹೋಗಿ ಫೋಟೊ ತೆಗೆದು ತಂದು ಕ್ಯಾಂಪಸ್‌ನಲ್ಲಿ ಪ್ರದರ್ಶನ ಇಟ್ಟರು. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ಸತ್ತವರ ಲೆಕ್ಕ 40,000ದಿಂದ 80,000 ಅನ್ನುತ್ತಾರೆ, ಎರಡು ಲಕ್ಷ ಎಂದವರೂ ಇದ್ದಾರೆ. ಅಮರ್ತ್ಯ ಸೇನ್ ಮುಂದೆ ಈ ಬರಗಾಲದ ಲೆಕ್ಕ ತೆಗೆದು ನೋಡಿದಾಗ ಕಂಡದ್ದು ಬೇರೆಯೇ ಸಂಗತಿ. ವೊಲ್ಲೊದ ಮುಖ್ಯ ಪಟ್ಟಣ ಡೆಸ್ಸಿಯಲ್ಲಿ ಧಾನ್ಯದ ಬೆಲೆ ಅಷ್ಟೇನೂ ಏರಿರಲಿಲ್ಲ. ವೊಲ್ಲೊದಿಂದ ಹೊರಕ್ಕೂ ಧಾನ್ಯ ಹೋಗುತ್ತಿತ್ತು. ಬೆಳೆ ಹೋಗಿ, ದನ ಹೋಗಿ, ಕೊಳ್ಳಲು ಕೈಯಲ್ಲಿ ಕಾಸಿಲ್ಲದೆ ಜನ ಸತ್ತರು.

ಅಂದರೆ ಜನರ ಸಿಟ್ಟು ಯಾರೋ ಹುಟ್ಟಿಸಿದ ಸಿಟ್ಟಲ್ಲ. 1974ರ ಜನವರಿಯಲ್ಲಿ ದಕ್ಷಿಣದ ನೆಗೆಲೆ ಶಿಬಿರದಲ್ಲಿ ಸೈನಿಕರು ದಂಗೆ ಎದ್ದರು. ಅವರ ನೀರಿನ ಪಂಪ್ ಕೆಟ್ಟಿತ್ತು, ಅಧಿಕಾರಿಗಳು ತಮ್ಮ ಬಾವಿ ಮುಟ್ಟಲು ಬಿಡಲಿಲ್ಲ. ವಿಚಾರಿಸಲು ಬಂದ ಜನರಲ್‌ನನ್ನು ಹಿಡಿದು ಕೂರಿಸಿ, ತಾವು ತಿನ್ನುವ ಊಟ ತಿನ್ನಿಸಿ, ತಾವು ಕುಡಿಯುವ ನೀರು ಕುಡಿಸಿದರು. ಅವನು ಕಾಯಿಲೆ ಬಿದ್ದ. ಫೆಬ್ರವರಿಯಲ್ಲಿ ಪೆಟ್ರೋಲ್ ಬೆಲೆ ಏರಿತು ಅಂತ ಟ್ಯಾಕ್ಸಿಯವರು ಮುಷ್ಕರ ಹೂಡಿದರು. ಶಿಕ್ಷಕರು ಬಂದರು, ವಿದ್ಯಾರ್ಥಿಗಳು ಬಂದರು. ಪ್ರಧಾನಿ ಅಕ್ಲಿಲು ಹಬ್ತೆ ವೋಲ್ದ್ ರಾಜೀನಾಮೆ ಕೊಟ್ಟರು. ಇಷ್ಟೆಲ್ಲ ಆದದ್ದು ಯಾವ ಒಬ್ಬ ನಾಯಕನೂ ಇಲ್ಲದೆ.

ನಾಯಕ ಇಲ್ಲದ ಆ ಖಾಲಿ ಜಾಗಕ್ಕೆ ಸೇನೆ ಬಂದು ಕೂತಿತು. ಜೂನ್ ಕೊನೆಗೆ ಬೇರೆ ಬೇರೆ ತುಕಡಿಗಳಿಂದ ಬಂದ ಸುಮಾರು 120 ಮಂದಿಯ ಒಂದು ಸಮಿತಿ ಆಯಿತು. ಮೇಜರ್‌ಗಿಂತ ಮೇಲಿನ ದರ್ಜೆಯವರು ಅದರಲ್ಲಿರಲಿಲ್ಲ. ಸಮಿತಿಗೆ ಅವರ ಭಾಷೆಯಲ್ಲಿ "ದೆರ್ಗ್". ಆ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಅಂತ ದೇಶಕ್ಕೆ ಹೇಳಲೇ ಇಲ್ಲ. ಹೆಸರು ಗೊತ್ತಿಲ್ಲದ, ಮುಖ ಕಾಣದ ಜನ ರೇಡಿಯೊ ಮೂಲಕ ದೇಶ ಆಳಲು ಶುರು ಮಾಡಿದರು. ಹರಾರ್ ಕಡೆಯ ಮೂರನೇ ಡಿವಿಷನ್‌ನಿಂದ ಬಂದ ಮೇಜರ್ ಮೆಂಗಿಸ್ತು ಹೈಲೆ ಮರಿಯಮ್ ಅವರಲ್ಲೊಬ್ಬ.

"ರಕ್ತ ಹರಿಸದೆ"

ದೆರ್ಗ್‌ನ ಘೋಷಣೆ "ಇತ್ಯೋಪ್ಯಾ ತಿಕ್ದೆಮ್". ಇಥಿಯೋಪಿಯಾ ಮೊದಲು. ಜನ ಅದಕ್ಕೊಂದು ಪ್ರಾಸ ಸೇರಿಸಿ ಹಾಡುತ್ತಿದ್ದರು: ಒಂದು ಹನಿ ರಕ್ತವೂ ಇಲ್ಲದೆ, ಇಥಿಯೋಪಿಯಾ ಮೊದಲು. ಅಮ್ಹಾರಿಕ್ ಭಾಷೆಯಲ್ಲಿ ರಕ್ತಕ್ಕೆ "ದೆಮ್". ತಿಕ್ದೆಮ್, ದೆಮ್. ನಾಲಿಗೆಗೆ ಹತ್ತುವ ಪ್ರಾಸ. ಮೊದಮೊದಲು ನಡೆದದ್ದೂ ಹಾಗೇ. ರೇಡಿಯೊದಲ್ಲಿ ಹೆಸರು ಓದಿದರೆ ಸಾಕು, ಎಷ್ಟೋ ಮಂತ್ರಿಗಳು, ಸರದಾರರು ತಾವೇ ನಡೆದು ಬಂದು ಶರಣಾದರು. ವಿಚಾರಣೆ ಆಗುತ್ತದೆ, ನ್ಯಾಯ ಸಿಗುತ್ತದೆ ಅನ್ನುವ ನಂಬಿಕೆ ಅವರಿಗೂ ಇತ್ತು.

ನವೆಂಬರ್ 23ರ ರಾತ್ರಿ ಆ ನಂಬಿಕೆ ಮುಗಿಯಿತು. 60 ಮಂದಿಯನ್ನು ಕೊಂದರು. ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ. ಅಕ್ಲಿಲು ಮತ್ತು ಅವರ ನಂತರ ಬಂದ ಎಂಡಾಲ್ಕಚೆವ್, ಇಬ್ಬರು ಮಾಜಿ ಪ್ರಧಾನಿಗಳು ಅದರಲ್ಲಿದ್ದರು. ಆದರೆ ಆ ಪಟ್ಟಿಯನ್ನು ನಿಧಾನವಾಗಿ ಓದಿದರೆ ಇನ್ನೊಂದು ವಿಷಯ ಕಾಣುತ್ತದೆ. ಹಳೆಯ ಆಡಳಿತದವರ ಜೊತೆಗೇ ದೆರ್ಗ್‌ನ ಮಾತು ಕೇಳದವರನ್ನೂ ಸೇರಿಸಿಬಿಟ್ಟಿದ್ದರು. ದೆರ್ಗ್ ತಾನೇ ಮುಖ್ಯಸ್ಥನನ್ನಾಗಿ ಕೂರಿಸಿದ್ದ ಜನರಲ್ ಅಮಾನ್ ಅಂದೊಮ್ ಕೂಡ ಆ ಅರವತ್ತರಲ್ಲಿ ಒಬ್ಬರು. ಪ್ರತ್ಯೇಕ ದೇಶ ಬೇಕೆಂದು ಉತ್ತರದ ಎರಿಟ್ರಿಯಾ ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಬಂಡಾಯವನ್ನು ಮಾತುಕತೆಯಿಂದ ಬಗೆಹರಿಸೋಣ ಅಂದದ್ದು ಅವರ ಅಪರಾಧ. ಅವರ ಮನೆಗೇ ಸೈನಿಕರು ನುಗ್ಗಿ, ಗುಂಡಿನ ಚಕಮಕಿಯಲ್ಲಿ ಕೊಂದರು.

ಈ ಬೆರಕೆಯನ್ನು ಸ್ವಲ್ಪ ನಿಂತು ನೋಡಬೇಕು. ಬರಗಾಲ ಮುಚ್ಚಿಟ್ಟ ಮಂತ್ರಿ ಮತ್ತು ಯುದ್ಧ ಬೇಡ ಅಂದ ಜನರಲ್, ಇಬ್ಬರೂ ಒಂದೇ ಪಟ್ಟಿಯಲ್ಲಿ ಜನರ ಶತ್ರುಗಳಾದರು. ಎರಡು ತಿಂಗಳ ಹಿಂದೆ ಟಿವಿಯಲ್ಲಿ ಮಾಡಿದ ಕತ್ತರಿ-ಅಂಟಿನ ಕೆಲಸ ಇಲ್ಲಿ ಮನುಷ್ಯರ ಮೇಲೆ ನಡೆಯಿತು. ವೊಲ್ಲೊದ ಸತ್ತ ಮಕ್ಕಳ ಹೆಸರಿನಲ್ಲಿ ಹುಟ್ಟಿದ್ದ ನ್ಯಾಯವಾದ ಸಿಟ್ಟನ್ನು ಅದಕ್ಕೆ ಸಂಬಂಧವೇ ಇಲ್ಲದವರ ಮೇಲೂ ಹರಿಸಬಹುದು ಅಂತ ದೆರ್ಗ್‌ಗೆ ಗೊತ್ತಾಗಿಹೋಯಿತು.

ಮುಂದಿನ ವರ್ಷ ಆಗಸ್ಟ್ 27ರಂದು ಚಕ್ರವರ್ತಿ ಸತ್ತರು. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಅಂತ ಪ್ರಕಟಣೆ ಬಂತು. ಅವರನ್ನು ಎಲ್ಲಿ ಹೂತರು ಅಂತ ಯಾರಿಗೂ ಹೇಳಲಿಲ್ಲ.

ಆದರೂ 1975 ಬೇರೆಯೇ ಖುಷಿ ತಂದ ವರ್ಷ. ಮಾರ್ಚ್ 4ರಂದು ಗ್ರಾಮೀಣ ಭೂಮಿಯೆಲ್ಲ ರಾಷ್ಟ್ರೀಕರಣ ಆಯಿತು. ಗೇಣಿ ಪದ್ಧತಿ ಮುಗಿಯಿತು. ಒಂದು ಕುಟುಂಬಕ್ಕೆ ಹೆಚ್ಚೆಂದರೆ 10 ಹೆಕ್ಟೇರ್. ರಾಜಧಾನಿಯ ಬೀದಿಗಳಲ್ಲಿ ಲಕ್ಷಾಂತರ ಜನ ಕುಣಿದರು. ಸುಮಾರು 60,000 ವಿದ್ಯಾರ್ಥಿಗಳು ಮತ್ತು ಶಿಕ್ಷಕರನ್ನು ಹಳ್ಳಿಗಳಿಗೆ ಕಳಿಸಿ, ರೈತರ ಸಂಘಗಳನ್ನು ಕಟ್ಟಲು ಹಚ್ಚಿದರು. ಹತ್ತು ವರ್ಷದಿಂದ ಕೂಗಿದ ಘೋಷಣೆ ಕಾನೂನಾಗಿತ್ತು. ಆ ಹುಡುಗ ಹುಡುಗಿಯರ ಉತ್ಸಾಹವನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಎರಡೇ ವರ್ಷದಲ್ಲಿ ಅವರಲ್ಲಿ ಎಷ್ಟೋ ಜನ ಬೀದಿಯಲ್ಲಿ ಹೆಣವಾಗಿ ಬಿದ್ದಿದ್ದರು.

ಪದಗಳು ಬದಲಾದ ಬಗೆ

ಮೆಂಗಿಸ್ತು ಓದಿಕೊಂಡವನಲ್ಲ, ಸೈನಿಕ. ಅವನಿಗೆ ಮಾತು ಒದಗಿಸಿದ್ದು ಓದಿದವರು. ಇದನ್ನು ಬರೆಯುವಾಗ ನನಗೆ ಜಾಸ್ತಿ ನೋವಾಗುವುದು ಇಲ್ಲೇ.

ವಿದ್ಯಾರ್ಥಿ ಚಳವಳಿಯಿಂದ ಹುಟ್ಟಿದ ಎಡಪಂಥೀಯರಲ್ಲಿ ಎರಡು ಬಣಗಳಿದ್ದವು. ಒಂದು "ಇಹಾಪಾ", ಇಥಿಯೋಪಿಯಾ ಜನತಾ ಕ್ರಾಂತಿಕಾರಿ ಪಕ್ಷ. ಸೈನಿಕರು ಕೂಡಲೇ ಬ್ಯಾರಕ್‌ಗೆ ಹೋಗಲಿ, ಜನರ ಸರ್ಕಾರ ಬರಲಿ ಅನ್ನುವುದು ಇವರ ಒತ್ತಾಯ. ಇನ್ನೊಂದು "ಮೆಇಸೋನ್". ಸದ್ಯಕ್ಕೆ ಸೈನಿಕರ ಜೊತೆಗಿದ್ದೇ ಅವರನ್ನು ತಿದ್ದೋಣ ಅನ್ನುವುದು ಇವರ ಲೆಕ್ಕ. ಇದರ ಮುಖ್ಯಸ್ಥ ಹೈಲೆ ಫಿದಾ ಫ್ರಾನ್ಸ್‌ನಲ್ಲಿ ಓದಿ ಬಂದವರು. ಎರಡೂ ಬಣದವರು ಒಂದೇ ಪುಸ್ತಕ ಓದಿದವರು, ಒಂದೇ ಕನಸು ಕಂಡವರು. 1976ರಲ್ಲಿ ಸ್ವಲ್ಪ ಕಾಲ ಸರ್ಕಾರಿ ಪತ್ರಿಕೆ "ಆಡಿಸ್ ಜೆಮೆನ್"ನಲ್ಲೇ ಇವರ ವಾದ ವಿವಾದ ಅಚ್ಚಾಗುತ್ತಿತ್ತು. ಪ್ರಜಾಪ್ರಭುತ್ವ ಈಗಲೇ ಬೇಕಾ, ಆಮೇಲಾ ಅಂತ ಜನ ಓದಿ ಚರ್ಚಿಸುತ್ತಿದ್ದರು. ಆ ಕಿಟಕಿ ಬಹಳ ದಿನ ತೆರೆದಿರಲಿಲ್ಲ.

ಆಮೇಲೆ ವಾದ ನಿಂತು ಹೆಸರಿಡುವುದು ಶುರುವಾಯಿತು. ಇಹಾಪಾದವರು ಮೊದಲು "ಅರಾಜಕರು" ಆದರು. ಆಮೇಲೆ "ಪ್ರತಿಗಾಮಿಗಳು". ಆಮೇಲೆ "ಕ್ರಾಂತಿಯ ಶತ್ರುಗಳು". ಗಮನಿಸಿ, ಪ್ರತಿ ಹೆಜ್ಜೆಯಲ್ಲೂ ಮನುಷ್ಯ ಸ್ವಲ್ಪ ಸ್ವಲ್ಪವೇ ಕಾಣೆಯಾಗುತ್ತಾನೆ. ಅರಾಜಕನ ಜೊತೆ ವಾದ ಮಾಡಬಹುದು. ಶತ್ರುವಿನ ಜೊತೆ ಏನು ವಾದ? ಕೊಲ್ಲುವುದಕ್ಕೂ ಒಂದು ಹೊಸ ಹೆಸರು ಬಂತು: "ಕ್ರಾಂತಿಕಾರಿ ಕ್ರಮ". ಇಂಥವರ ಮೇಲೆ ಕ್ರಾಂತಿಕಾರಿ ಕ್ರಮ ತೆಗೆದುಕೊಳ್ಳಲಾಯಿತು ಅಂತ ರೇಡಿಯೊ ಹೇಳಿದರೆ ಕೊಂದರು ಅಂತ ಅರ್ಥ. ಇನ್ನೂ ಸ್ವಲ್ಪ ದಿನಕ್ಕೆ "ನೆತ್ಸಾ ಇರ್ಮಿಜಾ" ಬಂತು. ಮುಕ್ತ ಕ್ರಮ. ಅಂದರೆ ಮೇಲಿನವರನ್ನು ಕೇಳದೆಯೇ ಕೊಲ್ಲಬಹುದು. "ಮುಕ್ತ" ಅನ್ನುವ ಒಳ್ಳೆಯ ಪದವನ್ನು ಎಲ್ಲಿಗೆ ತಂದು ನಿಲ್ಲಿಸಿದರು ನೋಡಿ.

ಇಹಾಪಾ ಸಾಧು ಅಂತ ನಾನು ಹೇಳುತ್ತಿಲ್ಲ. 1976ರ ಸೆಪ್ಟೆಂಬರ್‌ನಲ್ಲಿ ಮೆಂಗಿಸ್ತು ಮೇಲೆ ಗುಂಡು ಹಾರಿತು, ಅವನು ಬದುಕಿಕೊಂಡ. ಮೆಇಸೋನ್‌ನವರನ್ನು, ಬಡಾವಣೆ ಸಂಘದ ಪದಾಧಿಕಾರಿಗಳನ್ನು ಇಹಾಪಾದ ಹುಡುಗರು ಹುಡುಕಿ ಹುಡುಕಿ ಕೊಂದರು. ಪ್ರತಿಯೊಂದು ಕೊಲೆಯೂ ಸರ್ಕಾರದ ಪ್ರಚಾರಕ್ಕೆ ಹೊಸ ಸೌದೆ. "ನೋಡಿ, ನಾವು ಹೇಳಿರಲಿಲ್ವಾ?" ಅನ್ನಲು ದೆರ್ಗ್‌ಗೆ ಸುಳ್ಳು ಹೇಳಬೇಕಾಗೇ ಇರಲಿಲ್ಲ.

1977ರ ಫೆಬ್ರವರಿ 3ರಂದು ಮೆಂಗಿಸ್ತು ದೆರ್ಗ್‌ನ ಒಳಗಿನ ತನ್ನ ವಿರೋಧಿಗಳನ್ನೇ ಅರಮನೆಯಲ್ಲಿ ಕೊಲ್ಲಿಸಿದ. ಅಧ್ಯಕ್ಷ ತೆಫೆರಿ ಬಂತಿ ಕೂಡ ಸತ್ತರು. ಅಲ್ಲಿಂದ ಮುಂದೆ ತಡೆಯುವವರು ಯಾರೂ ಇರಲಿಲ್ಲ.

ಬಾಟಲಿ

1977ರ ಏಪ್ರಿಲ್ 17. ಆಡಿಸ್ ಅಬಾಬಾದ ಕ್ರಾಂತಿ ಚೌಕ. ಶಿಲುಬೆಯ ಹಬ್ಬ ನಡೆಯುತ್ತಿದ್ದ ಮೆಸ್ಕೆಲ್ ಚೌಕದ ಹೊಸ ಹೆಸರು ಅದು. ತುಂಬಿದ ಸಭೆಯ ಮುಂದೆ ಮೆಂಗಿಸ್ತು ಭಾಷಣಕ್ಕೆ ನಿಂತ. ಮಾತಿನ ನಡುವೆ ಕೆಂಪು ತುಂಬಿದ ಗಾಜಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕೆ ಅಪ್ಪಳಿಸಿದ. ಕ್ರಾಂತಿಯ ಶತ್ರುಗಳ ರಕ್ತ ಹೀಗೆ ಚೆಲ್ಲುತ್ತದೆ ಅಂತ. ಗಾಜು ಚೂರಾಯಿತು. ಕೆಂಪು ನೆಲದ ಮೇಲೆ ಹರಿಯಿತು. ಅದು ನಿಜವಾದ ರಕ್ತವೋ ಬಣ್ಣವೋ ಅನ್ನುವುದರ ಬಗ್ಗೆ ಇವತ್ತಿಗೂ ಜನ ಮಾತಾಡುತ್ತಾರೆ. ನನ್ನ ಮಟ್ಟಿಗೆ ಅದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ. ಮೂರು ವರ್ಷದ ಹಿಂದೆ "ದೆಮ್" ಇಲ್ಲದೆ ಅಂತ ಹಾಡಿದ ಊರಿನ ನಡುಮಧ್ಯದಲ್ಲಿ ಅದು ನಡೆಯಿತು.

ಅದಕ್ಕೆ ಅವರಿಟ್ಟ ಹೆಸರು "ಕೆಂಪು ಭಯೋತ್ಪಾದನೆ". ಮುಚ್ಚುಮರೆ ಇಲ್ಲದೆ, ಹೆಮ್ಮೆಯಿಂದ.

ನಡೆಸಿದ್ದು ಹೇಗೆ? ಇಲ್ಲಿ "ಕೆಬೆಲೆ" ಬಗ್ಗೆ ಹೇಳಬೇಕು. 1975ರಲ್ಲಿ ನಗರದ ಬಾಡಿಗೆ ಮನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಾಗ ಬಾಡಿಗೆ ವಸೂಲಿಗೆ, ಸಣ್ಣಪುಟ್ಟ ಜಗಳ ಬಿಡಿಸಲಿಕ್ಕೆ, ರಸ್ತೆ ಚರಂಡಿ ನೋಡಿಕೊಳ್ಳಲಿಕ್ಕೆ ಅಂತ ಮಾಡಿದ ಬಡಾವಣೆ ಸಂಘಗಳು ಇವು. ರಾಜಧಾನಿಯಲ್ಲೇ ಮುನ್ನೂರರ ಹತ್ತಿರ ಇದ್ದವು. ಜನರ ಕೈಗೆ ಅಧಿಕಾರ ಕೊಡುವ ಒಳ್ಳೆಯ ಯೋಚನೆ. ಮುಂದೆ ಕೆಬೆಲೆಯ ಅಂಗಡಿಯಲ್ಲೇ ಸಕ್ಕರೆ, ಧಾನ್ಯ ಸಿಗುವಂತಾಯಿತು. ಅದಕ್ಕೆ ಕೆಬೆಲೆಯ ಪಟ್ಟಿಯಲ್ಲಿ ಹೆಸರಿರಬೇಕು. ಆಮೇಲೆ ಕೆಬೆಲೆಗೆ ಬಂದೂಕು ಬಂತು, ಲಾಕಪ್ ಬಂತು. ಯಾರ ಮನೆಗೆ ಯಾರು ಬಂದರು, ಯಾರ ಮಗ ರಾತ್ರಿ ಮನೆಗೆ ಬರಲಿಲ್ಲ ಅನ್ನುವುದು ಪಕ್ಕದ ಮನೆಯವರಿಗೆ ಗೊತ್ತೇ ಇರುತ್ತದಲ್ಲ. ಆ ನೆರೆಹೊರೆಯ ತಿಳಿವೇ ಕೊಲ್ಲುವ ಯಂತ್ರವಾಯಿತು. ಊರಿಗೆ ಊರನ್ನೇ ಮುಚ್ಚಿ ಮನೆ ಮನೆ ಶೋಧ ಮಾಡಿದರು. ಟೈಪ್‌ರೈಟರ್ ಸಿಕ್ಕರೂ ಅನುಮಾನ.

ಮೇ ದಿನಾಚರಣೆಯ ಮುನ್ನ ಒಂದೇ ರಾತ್ರಿಯಲ್ಲಿ ಸುಮಾರು 500 ವಿದ್ಯಾರ್ಥಿಗಳು ಸತ್ತರು. ಬೀದಿಯಲ್ಲಿ ಬಿದ್ದ ಮಕ್ಕಳ ಹೆಣಗಳನ್ನು ಕತ್ತೆಕಿರುಬಗಳು ಎಳೆಯುತ್ತಿವೆ ಅಂತ ಸ್ವೀಡನ್ನಿನ ಮಕ್ಕಳ ರಕ್ಷಣಾ ಸಂಸ್ಥೆಯ ಮುಖ್ಯಸ್ಥರು ಹೊರಜಗತ್ತಿಗೆ ತಿಳಿಸಿದರು. ರಾಜಧಾನಿಯೊಂದರಲ್ಲೇ, ಆ ಒಂದು ವರ್ಷದಲ್ಲೇ ಕಡಿಮೆ ಅಂದರೂ 10,000 ಮಂದಿ ಸತ್ತರು ಅನ್ನುವುದು ಮಾನವ ಹಕ್ಕು ಸಂಶೋಧಕರ ಲೆಕ್ಕ. ಇಡೀ ದೇಶದ ಲೆಕ್ಕ ಅದಕ್ಕಿಂತ ಜಾಸ್ತಿ.

ಹೆಣಗಳನ್ನು ಬೇಕೆಂದೇ ಬೀದಿಯಲ್ಲಿ ಬಿಡುತ್ತಿದ್ದರು. ಎದೆಯ ಮೇಲೆ ಒಂದು ರಟ್ಟು: ನಾನು ಕ್ರಾಂತಿಯ ಶತ್ರು. ಅದೇ ದೃಶ್ಯ ಟಿವಿಯಲ್ಲೂ ಬರುತ್ತಿತ್ತು. ಹಸಿದವರ ಚಿತ್ರ ತೋರಿಸಿದ್ದ ಟಿವಿ. ಮಗನ ಹೆಣ ಬೇಕು ಅಂತ ಹೋದ ತಾಯಿಯ ಹತ್ತಿರ ಅವನನ್ನು ಕೊಂದ ಗುಂಡಿನ ದುಡ್ಡು ಕೇಳುತ್ತಿದ್ದರು. ಕೊಟ್ಟರೆ ಹೆಣ. ಅಳುವಂತಿಲ್ಲ. ಕಪ್ಪು ಬಟ್ಟೆ ಉಡುವಂತಿಲ್ಲ. ಸತ್ತವನು ಶತ್ರು ಅಂದಮೇಲೆ ಅವನಿಗಾಗಿ ಅಳುವವರೂ ಶತ್ರುಗಳೇ. ಪ್ರಚಾರ ಒಂದು ದೇಶದ ಒಳಗೆ ಎಷ್ಟು ಆಳಕ್ಕೆ ಇಳಿಯಬಹುದು ಅನ್ನುವುದಕ್ಕೆ ನನಗೆ ಗೊತ್ತಿರುವ ಕಟ್ಟಕಡೆಯ ಉದಾಹರಣೆ ಇದು. ತಾಯಿಯ ಕಣ್ಣೀರನ್ನೂ ಅದು ಕಾವಲು ಕಾಯಿತು.

ಈ ಬೇಟೆಗೆ ಸಿದ್ಧಾಂತದ ಮಾತು ಒದಗಿಸಿದ್ದ ಮೆಇಸೋನ್ ಏನಾಯಿತು? ಆಗಸ್ಟ್ ಹೊತ್ತಿಗೆ ಅದರ ಸರದಿಯೂ ಬಂತು. ಹೈಲೆ ಫಿದಾ ಸಿಕ್ಕಿಬಿದ್ದರು, 1979ರಲ್ಲಿ ಅವರನ್ನೂ ಕೊಂದರು. 1977ರ ನವೆಂಬರ್‌ನಲ್ಲಿ ದೆರ್ಗ್‌ನ ಉಪಾಧ್ಯಕ್ಷ ಅತ್ನಾಫು ಅಬಾತೆಯನ್ನು ಕೊಂದಾಗ ಹೊರಿಸಿದ ಆರೋಪಗಳಲ್ಲಿ ಒಂದು ಹೀಗಿತ್ತು: ಅವನು ಸಮಾಜವಾದಕ್ಕಿಂತ ಇಥಿಯೋಪಿಯಾದ ಹಿತವನ್ನು ಮೇಲೆ ಇಟ್ಟ. "ಇಥಿಯೋಪಿಯಾ ಮೊದಲು" ಅಂತ ಹೇಳಿ ಬಂದವರು ಇಥಿಯೋಪಿಯಾವನ್ನು ಮೊದಲು ಇಟ್ಟದ್ದಕ್ಕೆ ಮನುಷ್ಯನನ್ನು ಕೊಂದರು.

ಒಳಗಿದ್ದು ಬರೆದವರು

ಈ ನಡುವೆ ಒಂದು ನಿಜವಾದ ಒಳ್ಳೆಯ ಕೆಲಸವೂ ಆಯಿತು. 1979ರಲ್ಲಿ ಶುರುವಾದ ಸಾಕ್ಷರತಾ ಆಂದೋಲನ. ಅಮ್ಹಾರಿಕ್ ಒಂದೇ ಅಲ್ಲ, ಹಲವು ಭಾಷೆಗಳಲ್ಲಿ ಅಕ್ಷರ ಕಲಿಸಿದರು. ಮರುವರ್ಷ ಯುನೆಸ್ಕೊ ಬಹುಮಾನವೂ ಬಂತು. ಲಕ್ಷಾಂತರ ರೈತರು ಮೊದಲ ಸಲ ತಮ್ಮ ಹೆಸರು ಬರೆದರು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಓದಲು ಕಲಿತವರ ಕೈಗೆ ಸಿಗುತ್ತಿದ್ದದ್ದು ಮಾತ್ರ ಸರ್ಕಾರ ಒಪ್ಪಿ ಅಚ್ಚು ಹಾಕಿಸಿದ್ದು ಅಷ್ಟೇ.

ಆ ಅಚ್ಚಿನ ಮನೆಯ ಒಳಗೆ ಇದ್ದವರು ಬೆಆಲು ಗಿರ್ಮಾ. ಪತ್ರಕರ್ತ, ಕಾದಂಬರಿಕಾರ, ಮಾಹಿತಿ ಇಲಾಖೆಯ ಹಿರಿಯ ಅಧಿಕಾರಿ. 1982ರಲ್ಲಿ ಮೆಂಗಿಸ್ತು ಎರಿಟ್ರಿಯಾದ ಬಂಡುಕೋರರನ್ನು ಒಂದೇ ಏಟಿಗೆ ಮುಗಿಸುತ್ತೇನೆ ಅಂತ "ಕೆಂಪು ನಕ್ಷತ್ರ" ಅನ್ನುವ ದೊಡ್ಡ ಕಾರ್ಯಾಚರಣೆ ಮಾಡಿದ. ಅದರ ಪ್ರಚಾರದ ಕೆಲಸಕ್ಕೆ ಬೆಆಲು ಅವರೂ ಎರಿಟ್ರಿಯಾದ ಮುಖ್ಯ ಪಟ್ಟಣ ಅಸ್ಮಾರಾಕ್ಕೆ ಹೋದರು. ಕಾರ್ಯಾಚರಣೆ ಸೋತಿತು. ದೇಶಕ್ಕೆ ಹಾಗೆ ಹೇಳುವಂತಿರಲಿಲ್ಲ. ಬೆಆಲು ವಾಪಸ್ ಬಂದು 1983ರಲ್ಲಿ "ಒರೊಮಾಯ್" ಅನ್ನುವ ಕಾದಂಬರಿ ಪ್ರಕಟಿಸಿದರು. ಅದೇ ಕಾರ್ಯಾಚರಣೆಯ ಕತೆ. ದೊಡ್ಡ ದೊಡ್ಡವರ ಪೊಳ್ಳುತನ ಅದರಲ್ಲಿ ಗುರುತು ಸಿಗುವ ಹಾಗೆ ಇತ್ತು. ಪುಸ್ತಕವನ್ನು ಅಂಗಡಿಗಳಿಂದ ವಾಪಸ್ ತೆಗೆಸಿದರು. ಅವರ ಕೆಲಸ ಹೋಯಿತು. 1984ರ ಫೆಬ್ರವರಿಯಲ್ಲಿ ಒಂದು ಸಂಜೆ ಮನೆಯಿಂದ ಹೊರಟವರು ಮತ್ತೆ ಬರಲಿಲ್ಲ. ಅವರ ಕಾರು ಊರಾಚೆ ಸಿಕ್ಕಿತು.

ವರ್ಷಗಟ್ಟಲೆ ಸರ್ಕಾರದ ಮಾತನ್ನೇ ಬರೆದ ಕೈ ಅದು. ಅದೇ ಕೈ ಕೊನೆಗೆ ಕಂಡದ್ದನ್ನು ಬರೆಯಿತು. ಎಷ್ಟು ಧೈರ್ಯ ಬೇಕು, ಯೋಚಿಸಿ.

ಎರಡನೇ ಸೆಪ್ಟೆಂಬರ್

ಬೆಆಲು ಕಾಣೆಯಾದ ಹೊತ್ತಿಗೆ ಉತ್ತರದಲ್ಲಿ ಮತ್ತೆ ಮಳೆ ಹೋಗಿತ್ತು. ವೊಲ್ಲೊ, ಟಿಗ್ರೆ, ಎರಿಟ್ರಿಯಾ. ಮಳೆ ಹೋದದ್ದಕ್ಕಿಂತ ಯುದ್ಧ ಜಾಸ್ತಿ ಕೆಡಿಸಿತ್ತು. ಬಂಡುಕೋರರ ಪ್ರದೇಶದಲ್ಲಿ ಸೇನೆ ಬೆಳೆ ಸುಡುತ್ತಿತ್ತು, ಸಂತೆಗಳ ಮೇಲೆ ಬಾಂಬ್ ಹಾಕುತ್ತಿತ್ತು. ಬಜೆಟ್ಟಿನ ದೊಡ್ಡ ಪಾಲು ಸೇನೆಗೆ ಹೋಗುತ್ತಿತ್ತು. ನಾವು ಉಣ್ಣುವ ರಾಗಿ ನಮಗೆ ಬಂದದ್ದು ಪೂರ್ವ ಆಫ್ರಿಕಾದ ಆ ಎತ್ತರದ ನೆಲಗಳಿಂದಲೇ ಅನ್ನುತ್ತಾರೆ. ಸಾವಿರಾರು ವರ್ಷ ಧಾನ್ಯ ಬೆಳೆದು ಬದುಕಿದ ಜನ ಅವರು. ಅವರಿಗೆ ಬೇಸಾಯ ಬರುವುದಿಲ್ಲ ಅಂತ ಅಲ್ಲ.

ಹಿಂದಿನ ಬರಗಾಲದ ಪಾಠದಿಂದಲೇ ಹುಟ್ಟಿದ್ದ ಒಂದು ಸಂಸ್ಥೆ ದೇಶದಲ್ಲಿತ್ತು: ಪರಿಹಾರ ಮತ್ತು ಪುನರ್ವಸತಿ ಆಯೋಗ. ಅದರ ಮುಖ್ಯಸ್ಥ ದಾವಿತ್ ವೋಲ್ದೆ ಗಿಯೊರ್ಗಿಸ್ 1984ರ ಮಾರ್ಚ್‌ನಲ್ಲಿ ವಿದೇಶಗಳ ಮುಂದೆ 4,50,000 ಟನ್ ಧಾನ್ಯ ಕೇಳಿದರು. ಶ್ರೀಮಂತ ದೇಶಗಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅವರ ತಪ್ಪೂ ಸಣ್ಣದಲ್ಲ. ಆದರೆ ಮೆಂಗಿಸ್ತುವಿನ ಗಮನ ಇದ್ದದ್ದು ಬೇರೆ ಕಡೆ. ಸೆಪ್ಟೆಂಬರ್‌ಗೆ ಕ್ರಾಂತಿಗೆ ಹತ್ತು ವರ್ಷ ತುಂಬುತ್ತದೆ. ಅದೇ ಹೊತ್ತಿಗೆ ಇಥಿಯೋಪಿಯಾ ಕಾರ್ಮಿಕ ಪಕ್ಷ ಉದ್ಘಾಟನೆ ಆಗಬೇಕು. ಹಬ್ಬದ ಸಂಭ್ರಮಕ್ಕೆ ಬರಗಾಲದ ಮಾತು ಅಡ್ಡ ಬರಬಾರದು. ದಾವಿತ್ ನಂತರ ಬರೆದುಕೊಂಡ ನೆನಪುಗಳಲ್ಲಿ ಈ ತಿಂಗಳುಗಳ ಸಂಕಟ ತುಂಬಿಕೊಂಡಿದೆ.

ಉತ್ತರ ಕೊರಿಯಾದಿಂದ ನೂರಾರು ಮಂದಿ ಅಲಂಕಾರದ ಕೆಲಸಗಾರರು ಬಂದರು. ಬೀದಿಗಳಲ್ಲಿ ಕಮಾನು, ಕುಡುಗೋಲು-ಸುತ್ತಿಗೆ, ಕೆಂಪು ಬಾವುಟ, ಮೆಂಗಿಸ್ತುವಿನ ದೊಡ್ಡ ದೊಡ್ಡ ಚಿತ್ರ. ಎತ್ತರದ ಹೊಸ ಸ್ಮಾರಕ. ಖರ್ಚು 10 ಕೋಟಿ ಡಾಲರ್‌ಗಿಂತ ಜಾಸ್ತಿ ಅನ್ನುವುದು ಹಲವರ ಅಂದಾಜು. ಉತ್ತರಕ್ಕೆ ಹೋಗಲು ವಿದೇಶಿ ಪತ್ರಕರ್ತರಿಗೆ ಅನುಮತಿ ಸಿಗಲಿಲ್ಲ. ಹಸಿದು ರಾಜಧಾನಿ ಕಡೆ ನಡೆದು ಬಂದ ರೈತರನ್ನು ದಾರಿಯಲ್ಲೇ ತಡೆದು ನಿಲ್ಲಿಸಿದರು. ಹತ್ತು ವರ್ಷದ ಹಿಂದೆ ಚಕ್ರವರ್ತಿಯ ಪೊಲೀಸರು ಮಾಡಿದ್ದೂ ಇದನ್ನೇ. ಸಮಾರಂಭದಲ್ಲಿ ಮೆಂಗಿಸ್ತು ಗಂಟೆಗಟ್ಟಲೆ ಮಾತಾಡಿದ. ಕ್ರಾಂತಿಯ ಸಾಧನೆಗಳ ಪಟ್ಟಿ ಉದ್ದ ಇತ್ತು. ಸಾಯುತ್ತಿದ್ದವರಿಗೆ ಅದರಲ್ಲಿ ಜಾಗ ಸಿಗಲಿಲ್ಲ.

ಮೆಂಗಿಸ್ತು ಸುಮ್ನೆ ಕ್ರೂರಿಯಾಗಿದ್ದರಿಂದ ಹೀಗಾಯಿತು ಅಂದರೆ ಅರ್ಧ ಉತ್ತರ. ಹಸಿವನ್ನು ಒಪ್ಪಿಕೊಳ್ಳಲು ಆ ಸರ್ಕಾರಕ್ಕೆ ದಾರಿಯೇ ಉಳಿದಿರಲಿಲ್ಲ. ಚಕ್ರವರ್ತಿಯನ್ನು ಇಳಿಸಲು ತೋರಿಸಿದ ಕಾರಣವೇ ಅದು. ಹಸಿವು ಇದೆ ಅಂದರೆ ರಾಜ ಕೆಟ್ಟವನು ಅಂತ ಅವರೇ ಜನರಿಗೆ ಕಲಿಸಿದ್ದರು. ಮತ್ತೆ ಹಸಿವು ಬಂದಿದೆ ಅಂತ ಒಪ್ಪಿದರೆ ಅದೇ ಕನ್ನಡಿ ಅವರ ಮುಂದೆ ಬಂದು ನಿಲ್ಲುತ್ತಿತ್ತು. "ಹೌದು, ತಪ್ಪಾಗಿದೆ, ಹೀಗೆ ಸರಿಮಾಡೋಣ" ಅನ್ನಬಲ್ಲ ಪತ್ರಿಕೆ, ಪಕ್ಷ, ಅಧ್ಯಾಪಕ, ವಿದ್ಯಾರ್ಥಿ ಯಾರನ್ನೂ ಅವರು ಬಿಟ್ಟಿರಲಿಲ್ಲ. 1973ರಲ್ಲಿ ಫೋಟೊ ಪ್ರದರ್ಶನ ಇಡಲು ಕೆಲವರಾದರೂ ಇದ್ದರು. 1984ರಲ್ಲಿ ಅಂಥವರು ಸತ್ತಿದ್ದರು, ಜೈಲಿನಲ್ಲಿದ್ದರು, ಇಲ್ಲವೇ ದೇಶ ಬಿಟ್ಟಿದ್ದರು.

ಹಬ್ಬ ಮುಗಿದ ಮೇಲೆ, ಅಕ್ಟೋಬರ್ 23ರಂದು, ವೊಲ್ಲೊದ ಕೊರೆಮ್ ಪಟ್ಟಣದಿಂದ ಒಂದು ವರದಿ ಬಿಬಿಸಿಯಲ್ಲಿ ಬಂತು. ವರದಿಗಾರ ಮೈಕಲ್ ಬರ್ಕ್, ಕ್ಯಾಮೆರಾ ಕೀನ್ಯಾದ ಮೊಹಮದ್ ಅಮೀನ್. ಬೆಳಗಿನ ಮಂಜು, ಚಳಿಗೆ ಮುದುಡಿ ಕೂತ ಸಾವಿರಾರು ಜನ, ರಾತ್ರಿ ಸತ್ತವರನ್ನು ಸಾಲಾಗಿ ಮಲಗಿಸಿದ ನೋಟ. ಜಗತ್ತು ಬೆಚ್ಚಿಬಿದ್ದು ನೆರವು ಕಳಿಸಿತು. 1983-85ರ ಆ ಬರಗಾಲದಲ್ಲಿ ಸತ್ತವರು ನಾಲ್ಕು ಲಕ್ಷದಿಂದ ಹತ್ತು ಲಕ್ಷ. ನೆರವು ಬಂದ ಮೇಲೂ ಪ್ರಚಾರ ನಿಲ್ಲಲಿಲ್ಲ. ಪುನರ್ವಸತಿ ಅನ್ನುವ ಹೆಸರಿನಲ್ಲಿ ಸುಮಾರು 6,00,000 ಜನರನ್ನು ಉತ್ತರದಿಂದ ದೂರದ ನೈಋತ್ಯಕ್ಕೆ ಸಾಗಿಸಿದರು, ಎಷ್ಟೋ ಜನರನ್ನು ಬಲವಂತವಾಗಿ. ದಾರಿಯಲ್ಲೂ ಹೊಸ ಜಾಗದ ಕಾಯಿಲೆಯಲ್ಲೂ ಹತ್ತಾರು ಸಾವಿರ ಜನ ಸತ್ತರು. ಇದು ಸರಿಯಲ್ಲ ಅಂದ ಫ್ರಾನ್ಸಿನ ವೈದ್ಯರ ತಂಡವನ್ನು ದೇಶದಿಂದ ಹೊರಗೆ ಹಾಕಿದರು. ದಾವಿತ್ 1985ರ ಕೊನೆಗೆ ಪರದೇಶಕ್ಕೆ ಹೋದವರು ವಾಪಸ್ ಬರಲಿಲ್ಲ.

ನೆಲದ ಕೆಳಗೆ, ಕಡತದ ಒಳಗೆ

1991ರ ಮೇ 21ರಂದು ಮೆಂಗಿಸ್ತು ವಿಮಾನ ಹತ್ತಿ ಜಿಂಬಾಬ್ವೆಗೆ ಓಡಿಹೋದ. ಒಂದು ವಾರದಲ್ಲಿ ಬಂಡುಕೋರರು ರಾಜಧಾನಿಗೆ ಬಂದರು. ಮರುವರ್ಷ ಅರಮನೆಯ ಆವರಣದಲ್ಲಿ ಕಾಂಕ್ರೀಟ್ ಒಡೆದಾಗ ಕೆಳಗೆ ಚಕ್ರವರ್ತಿಯ ಮೂಳೆಗಳು ಸಿಕ್ಕವು. 2000ದ ನವೆಂಬರ್‌ನಲ್ಲಿ ಚರ್ಚಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ದೆರ್ಗ್‌ನ ಕಚೇರಿಗಳನ್ನು ತೆರೆದಾಗ ಲಕ್ಷಗಟ್ಟಲೆ ಪುಟಗಳ ಕಡತ ಸಿಕ್ಕಿತು. ಯಾರನ್ನು ಕೊಲ್ಲಬೇಕು, ಯಾರು ಅಪ್ಪಣೆ ಕೊಟ್ಟರು, ಯಾವತ್ತು ಕೊಂದರು. ಎಲ್ಲವೂ ಸಹಿ ಸಮೇತ. ಹದಿನೇಳು ವರ್ಷ ರೇಡಿಯೊ ಹೇಳದೆ ಇದ್ದದ್ದನ್ನು ಗುಮಾಸ್ತರು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. 1994ರ ಕೊನೆಗೆ ಶುರುವಾದ ವಿಚಾರಣೆಗೆ ಆ ಕಾಗದಗಳೇ ದೊಡ್ಡ ಸಾಕ್ಷಿಯಾದವು. 2006ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಮೆಂಗಿಸ್ತು ನರಮೇಧದ ಅಪರಾಧಿ ಅಂತ ತೀರ್ಪು ಕೊಟ್ಟಿತು. ಅವನು ಆಗ ಜಿಂಬಾಬ್ವೆಯಲ್ಲಿದ್ದ.

ಊರ ಹೊರಗಿನ ಸಾಮೂಹಿಕ ಗುಂಡಿಗಳನ್ನೂ ತೆರೆದರು. ಮೂಳೆ ಗುರುತಿಸಲು ಅರ್ಜೆಂಟೀನಾದಿಂದ ತಜ್ಞರು ಬಂದರು. ಚೂರಾದ ಬಟ್ಟೆ, ಶೂ, ಹಲ್ಲು ನೋಡಿ ಮನೆಯವರು ತಮ್ಮವರನ್ನು ಗುರುತು ಹಿಡಿದರು. ಬಾಟಲಿ ಒಡೆದ ಅದೇ ಚೌಕ ಈಗ ಮತ್ತೆ ಮೆಸ್ಕೆಲ್ ಚೌಕ. ಅದರ ಪಕ್ಕದಲ್ಲಿ 2010ರಲ್ಲಿ ಕೆಂಪು ಭಯೋತ್ಪಾದನೆಯಲ್ಲಿ ಸತ್ತವರ ಸ್ಮಾರಕ ಮ್ಯೂಸಿಯಂ ತೆರೆಯಿತು. ಗೋಡೆ ತುಂಬ ಶಾಲೆಯ ಗುರುತಿನ ಚೀಟಿಯಲ್ಲಿರುವಂಥ ಸಣ್ಣ ಸಣ್ಣ ಕಪ್ಪು ಬಿಳುಪು ಫೋಟೊಗಳು. ಕೂದಲು ಬಾಚಿ, ಕಾಲರ್ ಸರಿಮಾಡಿಕೊಂಡು ಕ್ಯಾಮೆರಾ ನೋಡುತ್ತಿರುವ ಹುಡುಗ ಹುಡುಗಿಯರು. ಗುಂಡಿಯಿಂದ ಮೂಳೆಗಳನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು, ಹೆಸರು ಹೇಳಿ ಹೂಳುವ ದಿನ, ತಾಯಂದಿರು ಕಪ್ಪು ಬಟ್ಟೆ ಉಟ್ಟು ಬಂದರು. ಬೀದಿಯಲ್ಲೇ, ಎಲ್ಲರ ಎದುರಿಗೇ, ದನಿ ತೆಗೆದು ಅತ್ತರು.